ಅಪ್ಪಯ್ಯನ ಜೊತೆ ಕಡಲಿಗೆ: ನೀಯಾ ಬೇಯಲ್ಲಿ ಐದು ದಿನ

ನಾನು ಹುಟ್ಟಿ ಬೆಳೆದದ್ದು ಉಡುಪಿ ಜಿಲ್ಲೆಯ ಕಡಲ ತೀರದ ಗಂಗೊಳ್ಳಿಯಲ್ಲಿ. ಅಪ್ಪಯ್ಯ ಮೂವತ್ತು ವರ್ಷ ಬೋಟಿನ ತಾಂಡೇಲರಾಗಿದ್ದವರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು. ಆದರೆ ನಾನು ಒಂದು ದಿನವೂ ಅವರ ಜೊತೆ ಕಡಲಿಗೆ ಹೋದವಳಲ್ಲ. ನಮ್ಮ ಕಡೆ ಹೆಂಗಸರು ಮೀನು ಮಾರುತ್ತಾರೆ, ಒಣಗಿಸುತ್ತಾರೆ, ದುಡ್ಡಿನ ಲೆಕ್ಕ ನೋಡುತ್ತಾರೆ. ಬೋಟು ಮಾತ್ರ ಹತ್ತುವುದಿಲ್ಲ. ಅಪ್ಪಯ್ಯ ಕತ್ತಲಲ್ಲಿ ಹೋಗುತ್ತಿದ್ದರು. ಹೋಗುವ ಮೊದಲು ಹಿತ್ತಲ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕಡಲು ನೋಡುತ್ತಿದ್ದರು. ಕೆಲವು ದಿನ ನೋಡಿ ಸುಮ್ನೆ ವಾಪಸ್ ಬಂದು ಮಲಗಿಬಿಡುತ್ತಿದ್ದರು. ಅವರು ಏನು ನೋಡುತ್ತಿದ್ದರು ಅಂತ ನನಗೆ ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ.

ಈಗ ನಾನಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಹತ್ತಿರದ ಬಾಥೆಲ್‌ನಲ್ಲಿ. ಕಳೆದ ಬೇಸಿಗೆಯಲ್ಲಿ ಅಪ್ಪಯ್ಯ ಬಂದರು. ವಯಸ್ಸು 68. ಬಂದ ಮೂರನೇ ದಿನಕ್ಕೇ ಕಡಲು ಎಲ್ಲಿ ಅಂತ ಕೇಳಿದರು. ಕಡಲು ನೆಲದೊಳಗೆ ಚಾಚಿಕೊಂಡಿರುವ ಪ್ಯೂಜೆಟ್ ಸೌಂಡ್ ದಡಕ್ಕೆ ಕರೆದುಕೊಂಡು ಹೋದೆ. ಎರಡು ನಿಮಿಷ ನಿಂತು ನೋಡಿದರು. "ಇದ್ ಕಡಲಲ್ಲ ಮಗಾ, ಹೊಳಿ" ಅಂದರು.

ಅವತ್ತು ರಾತ್ರಿಯೇ ರಾಜ್ಯದ ವಾಯವ್ಯ ಮೂಲೆಯ ಕಡಲೂರು ನೀಯಾ ಬೇಯಲ್ಲಿ ಎರಡು ದಿನಕ್ಕೆ ಬೋಟು ಹೇಳಿಟ್ಟೆ. ಒಂದು ದಿನ ಹಾಲಿಬಟ್ ಮೀನಿಗೆ, ಒಂದು ದಿನ ಸಾಲ್ಮನ್ ಮೀನಿಗೆ.

ಮೊದಲ ದಿನ, ಬುಧವಾರ: ದಾರಿ

ಎಡ್ಮಂಡ್ಸ್‌ನಲ್ಲಿ ಕಾರನ್ನೇ ಫೆರಿಗೆ ಹತ್ತಿಸಿ ಅರ್ಧ ಗಂಟೆಯಲ್ಲಿ ಆಚೆ ದಡ. ಅಲ್ಲಿಂದ ಹುಡ್ ಕೆನಾಲ್ ಸೇತುವೆ. ಇದು ಕಂಬದ ಮೇಲೆ ನಿಂತ ಸೇತುವೆಯಲ್ಲ, ನೀರಿನ ಮೇಲೆ ತೇಲುವಂಥದ್ದು. 1979ರ ಫೆಬ್ರವರಿ ಬಿರುಗಾಳಿಗೆ ಇದರ ಪಶ್ಚಿಮದ ಅರ್ಧ ಮುಳುಗಿಹೋಗಿತ್ತು. ಇದನ್ನು ಹೇಳಿದ ಮೇಲೆ ಅಪ್ಪಯ್ಯ ಕಿಟಕಿ ಇಳಿಸಿ ಸೇತುವೆಯ ಎರಡೂ ಬದಿಯ ನೀರು ನೋಡಿದರು. ಒಂದು ಬದಿ ಕುದಿಯುತ್ತಿತ್ತು, ಇನ್ನೊಂದು ಬದಿ ಮಟ್ಟಸ. ಗಾಳಿ ಯಾವ ಕಡೆಯಿಂದ ಅಂತ ನಾನು ಹೇಳುವ ಮೊದಲೇ ಅವರಿಗೆ ಗೊತ್ತಾಗಿತ್ತು.

ಪೋರ್ಟ್ ಏಂಜಲಿಸ್ ದಾಟಿದ ಮೇಲೆ ಎಲ್ವಾ ಹೊಳೆ ಸಿಗುತ್ತದೆ. ಇಲ್ಲಿ ನಿಲ್ಲಿಸಬೇಕು ಅಂತ ನಾನು ಮೊದಲೇ ಅಂದುಕೊಂಡಿದ್ದೆ. ಸಾಲ್ಮನ್ ಹಿಡಿಯಲು ಹೋಗುವವರು ಒಮ್ಮೆ ಈ ಹೊಳೆ ನೋಡಬೇಕು.

ಸಾಲ್ಮನ್ ಹುಟ್ಟುವುದು ಸಿಹಿನೀರಿನಲ್ಲಿ. ಮರಿ ಕಡಲಿಗೆ ಇಳಿಯುತ್ತದೆ, ಅಲ್ಲಿ ಬೆಳೆಯುತ್ತದೆ, ಕೊನೆಗೆ ಹುಟ್ಟಿದ ಹೊಳೆಗೇ ಹುಡುಕಿಕೊಂಡು ಬಂದು ಮೊಟ್ಟೆ ಇಟ್ಟು ಸಾಯುತ್ತದೆ. ಎಲ್ವಾದಲ್ಲಿ 1913ರಲ್ಲಿ ಒಂದು ಅಣೆಕಟ್ಟು, 1927ರಲ್ಲಿ ಹೊಳೆಯ ಇನ್ನೂ ಮೇಲ್ಗಡೆ ಇನ್ನೊಂದು. ಎರಡಕ್ಕೂ ಮೀನು ಹತ್ತಿ ಹೋಗುವ ದಾರಿ ಇಟ್ಟಿರಲಿಲ್ಲ. ಸುಮಾರು ನೂರು ವರ್ಷ ಮೀನುಗಳು ಹೊಳೆಯ ಬಾಯಿಂದ ಐದು ಮೈಲಿ ಮಾತ್ರ ಒಳಗೆ ಬಂದು ಗೋಡೆಗೆ ತಾಗಿ ನಿಲ್ಲುತ್ತಿದ್ದವು. 2011ರಿಂದ 2014ರವರೆಗೆ ಎರಡನ್ನೂ ಒಡೆದು ತೆಗೆದರು. ಈಗ ಸಾಲ್ಮನ್ ಮತ್ತೆ ಮೇಲೆ ಹೋಗುತ್ತಿದೆ. ಹೊಳೆಯ ಬಾಯಲ್ಲೇ ಇರುವ ಕ್ಲಾಲಂ ಬುಡಕಟ್ಟಿನವರು ಮೀನು ಹೆಚ್ಚಲಿ ಅಂತ ವರ್ಷಗಟ್ಟಲೆ ಇಲ್ಲಿ ಗಾಳ ಹಾಕಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಮೊದಲ ಸಲ ತಮ್ಮ ಊಟಕ್ಕೆ, ಪೂಜೆಗೆ ಸ್ವಲ್ಪ ಕೋಹೋ ಅನ್ನುವ ಜಾತಿಯ ಸಾಲ್ಮನ್ ಹಿಡಿದರು.

ಅಪ್ಪಯ್ಯ ಕಲ್ಲಿನ ಮೇಲೆ ಕೂತು ಹೊಳೆಗೆ ಕಾಲು ಇಳಿಬಿಟ್ಟರು. ನೀರು ಮಂಜುಗಡ್ಡೆಯ ಹಾಗೆ ಇತ್ತು. ಆದರೂ ಕಾಲು ತೆಗೆಯಲಿಲ್ಲ. "ಅಷ್ಟ್ ವರ್ಷ ಆದ್ ಮೇಲೂ ದಾರಿ ಮರೀಲಿಲ್ಲೆ, ಕಾಣ್" ಅಂದರು.

ಅಲ್ಲಿಂದ ಮುಂದೆ 112ನೇ ನಂಬರ್ ರಸ್ತೆ. ಬಲಕ್ಕೆ ವಾನ್ ಡಿ ಫ್ಯೂಕಾ ಜಲಸಂಧಿ, ಎಡಕ್ಕೆ ಕಾಡು. ಬರೀ ತಿರುವು. ಜಲಸಂಧಿಯ ಆಚೆ ದಡ ಕೆನಡಾದ ವ್ಯಾಂಕೂವರ್ ದ್ವೀಪ. ಸಂಜೆ ಏಳಕ್ಕೆ ನೀಯಾ ಬೇ ಮುಟ್ಟಿದೆವು.

ನೀಯಾ ಬೇ ಮಕಾ ಅನ್ನುವ ಮೂಲನಿವಾಸಿ ಬುಡಕಟ್ಟಿನ ಜನರ ಊರು. ಅವರದೇ ಆಡಳಿತ, ಅವರದೇ ನೆಲ. ಹೊರಗಿನವರು ಅಲ್ಲಿ ಓಡಾಡಲು, ಗಾಡಿ ನಿಲ್ಲಿಸಲು ಅವರ ಪರ್ಮಿಟ್ ತೆಗೆದುಕೊಳ್ಳಬೇಕು. ಅಂಗಡಿಯಲ್ಲಿ ಅದನ್ನು ಕೊಂಡೆವು. ಇಬ್ಬರಿಗೂ ರಾಜ್ಯದ ಮೀನಿನ ಲೈಸೆನ್ಸನ್ನು ಮನೆಯಲ್ಲೇ ಮಾಡಿಸಿದ್ದೆ. ಅದರ ಜೊತೆ ಒಂದು ಚೀಟಿ ಕೊಡುತ್ತಾರೆ. ಸಾಲ್ಮನ್ ಅಥವಾ ಹಾಲಿಬಟ್ ಹಿಡಿದು ಇಟ್ಟುಕೊಂಡರೆ ಅಲ್ಲೇ, ಆಗಲೇ, ಪೆನ್ನಿನಿಂದ ಬರೆಯಬೇಕು. ದಡಕ್ಕೆ ಬಂದು ಬರೆಯುತ್ತೇನೆ ಅನ್ನುವ ಹಾಗಿಲ್ಲ.

ಎರಡನೇ ದಿನ, ಗುರುವಾರ: ಹೋಗಲಿಲ್ಲ

ಬೆಳಗಿನ ನಾಲ್ಕೂವರೆಗೆ ಕ್ಯಾಪ್ಟನ್ ಮೆಸೇಜ್ ಬಂತು. ಇವತ್ತು ಆಗುವುದಿಲ್ಲ, ನಾಳೆ ನೋಡೋಣ.

ಕೋಣೆಯಲ್ಲಿ ಅಪ್ಪಯ್ಯ ಇರಲಿಲ್ಲ. ಟಾರ್ಚ್ ಹಿಡಿದು ಹುಡುಕಿದರೆ ಬಂದರಿನ ಕಲ್ಲುಗಳ ಹತ್ತಿರ, ನನ್ನ ಗಂಡನ ದಪ್ಪ ಜಾಕೆಟ್ ಹಾಕಿಕೊಂಡು ನಿಂತಿದ್ದರು. ಮೆಸೇಜ್ ಹೇಳಿದೆ. ತಲೆ ಆಡಿಸಿದರು. ಅವರು ಅಷ್ಟರಲ್ಲೇ ತೀರ್ಮಾನ ಮಾಡಿಯಾಗಿತ್ತು.

"ನೀರ್ ಹೊರಗೆ ಹೋಪತಿಗೆ, ತೆರಿ ಒಳಗೆ ಬಪ್ಪತಿಗೆ, ಅಲ್ಲಿಗ್ ಹೋಪುಕಾಗ."

ಹುಟ್ಟಿದಾಗಿನಿಂದ ನೋಡಿದ ವಿಷಯ ನನಗೆ ಅರ್ಥವಾಗಿದ್ದು ಅವತ್ತು. ಗಂಗೊಳ್ಳಿಯಲ್ಲಿ ಐದು ಹೊಳೆಗಳು ಸೇರಿ ಒಂದೇ ಅಳಿವೆಯಲ್ಲಿ ಕಡಲಿಗೆ ಬೀಳುತ್ತವೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಜೋರಾಗಿ ಹೊರಗೆ ಹರಿಯುತ್ತದೆ. ಎದುರಿಂದ ಪಡುಗಾಳಿಯ ತೆರೆ ಬಂದರೆ ಎರಡೂ ಒಂದಕ್ಕೊಂದು ಢಿಕ್ಕಿ. ತೆರೆ ಗಿಡ್ಡವಾಗುತ್ತದೆ, ಕಡಿದಾಗುತ್ತದೆ, ಮುರಿಯುತ್ತದೆ. ನಮ್ಮ ಕಡೆ ಎಷ್ಟು ದೋಣಿ ಮಗುಚಿದ್ದು ಅಳಿವೆ ಬಾಯಲ್ಲಿ ಅಲ್ವಾ. ವಾನ್ ಡಿ ಫ್ಯೂಕಾ ಜಲಸಂಧಿಯೂ ಅಂಥದ್ದೇ ಒಂದು ದೊಡ್ಡ ಅಳಿವೆ. ಸುಮಾರು 150 ಕಿ.ಮೀ. ಉದ್ದ, ಬಾಯಿ 20 ಕಿ.ಮೀ. ಚಿಲ್ಲರೆ ಅಗಲ. ಪ್ಯೂಜೆಟ್ ಸೌಂಡ್ ನೀರು, ಕೆನಡಾದ ಫ್ರೇಸರ್ ನದಿಯ ನೀರು ಎಲ್ಲ ಇದರಲ್ಲೇ ಹೊರಗೆ ಬರಬೇಕು. ಇಳಿತ ಪಶ್ಚಿಮಕ್ಕೆ ಹರಿಯುತ್ತದೆ. ಪೆಸಿಫಿಕ್‌ನ ತೆರೆ ಪಶ್ಚಿಮದಿಂದ ಬರುತ್ತದೆ. ಅಪ್ಪಯ್ಯನಿಗೆ ನಕ್ಷೆ ಬೇಕಾಗಲಿಲ್ಲ.

ನಾನು ಫೋನ್ ತೆಗೆದು ಬೋಯಾದ ಲೆಕ್ಕ ತೋರಿಸಿದೆ. ಜಲಸಂಧಿಯ ಬಾಯಲ್ಲಿ 46087 ಅಂತ ಒಂದು ತೇಲುವ ಬೋಯಾ ಇದೆ. ಗಾಳಿ, ತೆರೆಯ ಎತ್ತರ, ಒಂದು ತೆರೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಸೆಕೆಂಡ್, ಎಲ್ಲ ಹೊತ್ತುಹೊತ್ತಿಗೆ ಕಳಿಸುತ್ತದೆ. ಅವತ್ತು 9 ಅಡಿ, 8 ಸೆಕೆಂಡ್ ಇತ್ತು. ಎತ್ತರ ಮಾತ್ರ ನೋಡಿದರೆ ಮೋಸ ಹೋಗುತ್ತೇವೆ. 9 ಅಡಿಯ ತೆರೆ 15 ಸೆಕೆಂಡಿಗೆ ಒಂದು ಬಂದರೆ ಬೋಟು ನಿಧಾನ ಏರಿ ನಿಧಾನ ಇಳಿಯುತ್ತದೆ. ಅದೇ 8 ಸೆಕೆಂಡಿಗೆ ಬಂದರೆ ಒಂದರ ಬೆನ್ನಿಗೆ ಒಂದು ಗೋಡೆ. ಅದರ ಮೇಲೆ 25 ನಾಟ್ ಗಾಳಿ. ಹವಾಮಾನ ಇಲಾಖೆ ಸಣ್ಣ ದೋಣಿಗಳಿಗೆ ಎಚ್ಚರಿಕೆ ಹಾಕಿತ್ತು.

ಅಪ್ಪಯ್ಯ ಕನ್ನಡಕ ಹಾಕಿ ಫೋನ್ ನೋಡಿದರು. ಮತ್ತೆ ಕಡಲು ನೋಡಿದರು. ಮನಸ್ಸಿನಲ್ಲೇ ಎಣಿಸುತ್ತಿದ್ದರು. "ಎಂಟೇ" ಅಂದರು. ಹಿತ್ತಲ ಬಾಗಿಲಲ್ಲಿ ನಿಂತು ಅವರು ಮಾಡುತ್ತಿದ್ದದ್ದು ಇದೇ. ತೆರೆ ಎಣಿಸುವುದು.

ಹೊತ್ತು ಸಿಕ್ಕಿದ್ದಕ್ಕೆ ಮಕಾ ಮ್ಯೂಸಿಯಂಗೆ ಹೋದೆವು. ಅದನ್ನು ನೋಡದೆ ಆ ಊರಲ್ಲಿ ಮೀನು ಹಿಡಿದಿದ್ದರೆ ನಾನು ಅರ್ಧವೇ ನೋಡಿದ ಹಾಗಾಗುತ್ತಿತ್ತು. ನೀಯಾ ಬೇಯ ದಕ್ಷಿಣಕ್ಕೆ ಒಝೆಟ್ ಅಂತ ಒಂದು ಹಳೇ ಊರಿತ್ತು. ಕೆಲವು ನೂರು ವರ್ಷಗಳ ಹಿಂದೆ ಗುಡ್ಡ ಕುಸಿದು ಮನೆಗಳು ಕೆಸರಲ್ಲಿ ಹೂತುಹೋದವು. 1970ರಲ್ಲಿ ಕಡಲ ತೆರೆ ದಂಡೆ ಕೊರೆದು ಸಾಮಾನು ಹೊರಬಿತ್ತು. ಹನ್ನೊಂದು ವರ್ಷ ಅಗೆದರು. 55,000ಕ್ಕೂ ಜಾಸ್ತಿ ವಸ್ತು ಸಿಕ್ಕವು. ಗಾಳಿ ತಾಗದ ಕೆಸರಾದ್ದರಿಂದ ಮರ, ಬುಟ್ಟಿ, ಹಗ್ಗ ಸಹ ಕೊಳೆತಿರಲಿಲ್ಲ. 1979ರಲ್ಲಿ ತೆರೆದ ಈ ಮ್ಯೂಸಿಯಂನಲ್ಲಿ ಅವನ್ನು ಇಟ್ಟಿದ್ದಾರೆ.

ಅಪ್ಪಯ್ಯ ಬಹಳ ಹೊತ್ತು ನಿಂತದ್ದು ಹಾಲಿಬಟ್ ಗಾಳದ ಮುಂದೆ. ಮರದ ಗಾಳ. ಮಕಾ ಭಾಷೆಯಲ್ಲಿ ಚಿಬೂದ್. ಮರದ ಕಡ್ಡಿಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಾಗಿಸಿ, ಮೊನೆ ಕಟ್ಟಿ ಮಾಡಿದ್ದು. ಮೀನು ಇರೆಯನ್ನು ಬಾಯಿಗೆ ಎಳೆದುಕೊಳ್ಳಬೇಕು, ತುಂಬ ಸಣ್ಣದಕ್ಕೆ ಅದು ಬಾಯಲ್ಲಿ ಹಿಡಿಯುವುದಿಲ್ಲ, ತುಂಬ ದೊಡ್ಡದಕ್ಕೆ ಬಾಗಿದ ಸಂದಿ ಸಾಲುವುದಿಲ್ಲ. ನಡುವಿನ ಅಳತೆಯ ಮೀನೇ ಬರುತ್ತದೆ. ಅಪ್ಪಯ್ಯ ಗಾಜಿನ ಹೊರಗಿನಿಂದಲೇ ಬೆರಳಲ್ಲಿ ಅದರ ಸಂದಿ ಅಳೆದರು. ಮರಿಯನ್ನೂ, ಮೊಟ್ಟೆ ಇಡುವ ದೊಡ್ಡ ತಾಯಿಯನ್ನೂ ಬಿಟ್ಟುಬಿಡುವ ಗಾಳ.

"ನಾವ್ ಬಲಿ ಎಳದ್ರೆ ಮರಿಯೂ ಬತ್ತಿತ್ತ್, ಮಗಾ. ಎಲ್ಲಾ ಬತ್ತಿತ್ತ್." ಇಷ್ಟು ಹೇಳಿ ಮುಂದಿನ ಗಾಜಿನ ಪೆಟ್ಟಿಗೆಗೆ ಹೋದರು.

1855ರಲ್ಲಿ ಮಕಾ ಜನ ಅಮೆರಿಕ ಸರಕಾರದ ಜೊತೆ ಒಪ್ಪಂದ ಮಾಡಿಕೊಂಡರು. ನೆಲ ಬಹಳಷ್ಟು ಬಿಟ್ಟುಕೊಟ್ಟರು, ಮೀನು ಹಿಡಿಯುವ ಹಕ್ಕು ಬಿಡಲಿಲ್ಲ. ಕಡಲೇ ನಮ್ಮ ದೇಶ ಅಂತ ಅವರ ಹಿರಿಯರು ಮಾತುಕತೆಯಲ್ಲಿ ಹೇಳಿದ್ದರು. ಆಮೇಲೆ ರಾಜ್ಯ ಸರಕಾರ ಅನೇಕ ಬುಡಕಟ್ಟುಗಳ ಇಂಥ ಹಕ್ಕನ್ನು ಒತ್ತುತ್ತಾ ಬಂತು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ತೀರ್ಪು ಕೊಟ್ಟರು: ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಒಪ್ಪಂದದ ಬುಡಕಟ್ಟುಗಳಿಗೆ. ಇವತ್ತಿಗೂ ಇಲ್ಲಿ ಪ್ರತಿ ಸೀಸನ್ ಲೆಕ್ಕ ಇದರ ಮೇಲೇ ನಿಂತಿದೆ.

ಸಂಜೆ ಕೇಪ್ ಫ್ಲ್ಯಾಟರಿ ತುದಿಗೆ ನಡೆದೆವು. ಮುಕ್ಕಾಲು ಮೈಲಿ, ಹಲಗೆ ಹಾಸಿದ ಕಾಡು ದಾರಿ. ಅಲಾಸ್ಕಾ ಬಿಟ್ಟರೆ, ಹವಾಯಿ ಬಿಟ್ಟರೆ, ಅಮೆರಿಕದ ವಾಯವ್ಯದ ಕೊನೆಯ ತುದಿ ಇದು. ಎದುರಿಗೆ ಟಟೂಶ್ ದ್ವೀಪ, ಅದರ ಮೇಲೆ 1857ರ ದೀಪಸ್ತಂಭ. ಕೆಳಗೆ ಗುಹೆಗಳ ಒಳಗೆ ತೆರೆ ನುಗ್ಗಿ ಗುಡುಗುತ್ತಿತ್ತು. "ಇದ್ ಕಡಲ್" ಅಂದರು ಅಪ್ಪಯ್ಯ.

ಮೂರನೇ ದಿನ, ಶುಕ್ರವಾರ: ಹಾಲಿಬಟ್

ರಾತ್ರಿ ಗಾಳಿ ಇಳಿಯಿತು. ಬೆಳಿಗ್ಗೆ 5 ಅಡಿ, 11 ಸೆಕೆಂಡ್. ಐದೂವರೆಗೆ ಬೋಟು ಹೊರಟಿತು. ನಾವಿಬ್ಬರು, ಬೇರೆ ನಾಲ್ಕು ಜನ, ಕ್ಯಾಪ್ಟನ್, ಕೆಲಸದ ಹುಡುಗ ಒಬ್ಬ. ಹತ್ತುವ ಮೊದಲು ಅಪ್ಪಯ್ಯ ಬಗ್ಗಿ ನೀರು ಮುಟ್ಟಿ ಹಣೆಗೆ ಒತ್ತಿಕೊಂಡರು. ಕ್ಯಾಪ್ಟನ್ ನೋಡಿದರು. ಏನೂ ಕೇಳಲಿಲ್ಲ, ಸುಮ್ಮನೆ ಕಾದರು.

ವಾಡಾ ದ್ವೀಪ ದಾಟಿ, ಟಟೂಶ್ ದಾಟಿ ಬಯಲು ಕಡಲಿಗೆ ಬಿದ್ದ ಮೇಲೆ ನನಗೆ ಹೊಟ್ಟೆ ತೊಳಸಿತು. ಎರಡು ಸಲ ವಾಂತಿ ಆಯಿತು. ಅಪ್ಪಯ್ಯ ನನ್ನ ಬೆನ್ನು ಸವರುತ್ತಾ ದೂರದ ಗುಡ್ಡದ ತುದಿ ನೋಡು ಅಂದರು, ನೀರು ನೋಡಬೇಡ ಅಂದರು. ಗಂಟೆಯಲ್ಲಿ ಸರಿಯಾಯಿತು. ಅವರ ಬೋಟಿಗೆ ಹೊಸದಾಗಿ ಬಂದ ಹುಡುಗರಿಗೂ ಹೀಗೇ ಬೆನ್ನು ಸವರುತ್ತಿದ್ದರಂತೆ.

ಹಾಲಿಬಟ್ ತಳದ ಮೀನು. ಚಪ್ಪಟೆ. ನಮ್ಮ ನಂಗು ಮೀನು ಗೊತ್ತಲ್ಲ, ಅದೇ ಆಕಾರ, ಆದರೆ ನಂಗು ಅಂಗೈ ಉದ್ದ, ಇದು ಬಾಗಿಲು ಉದ್ದಕ್ಕೂ ಬೆಳೆಯಬಲ್ಲದು. 500 ಪೌಂಡ್ ದಾಟಿದ ಹಾಲಿಬಟ್ ಸಿಕ್ಕಿದೆ. ಮರಿಯಾಗಿದ್ದಾಗ ಬೇರೆ ಮೀನಿನ ಹಾಗೆ ನೆಟ್ಟಗೆ ಈಜುತ್ತದೆ, ತಲೆಯ ಎರಡೂ ಬದಿಗೆ ಕಣ್ಣು. ಬೆಳೆಯುತ್ತಾ ಎಡಗಣ್ಣು ನಿಧಾನವಾಗಿ ತಲೆ ದಾಟಿ ಬಲಬದಿಗೆ ಬರುತ್ತದೆ. ಆಮೇಲೆ ಜೀವಮಾನವಿಡೀ ಎಡಮೈ ಮೇಲೆ ಮರಳಿನಲ್ಲಿ ಮಲಗಿ ಮೇಲೆ ನೋಡುತ್ತಿರುತ್ತದೆ. ದೊಡ್ಡವೆಲ್ಲ ಬಹುಪಾಲು ಹೆಣ್ಣು.

ಇದನ್ನು ಹಿಡಿಯಲು ಹೊತ್ತು ಮುಖ್ಯ. ಭರತವೋ ಇಳಿತವೋ ಜೋರಾಗಿ ಹರಿಯುವಾಗ ಎರಡು ಪೌಂಡ್ ಸೀಸ ಕಟ್ಟಿದರೂ ದಾರ ಓರೆಯಾಗಿ ಹೋಗುತ್ತದೆ, ಇರೆ ತಳ ಮುಟ್ಟುವುದಿಲ್ಲ. ನೀರು ತಿರುಗುವ ಮೊದಲು ಸ್ವಲ್ಪ ಹೊತ್ತು ನಿಲ್ಲುತ್ತದೆ. ಆ ಮುಕ್ಕಾಲು ಗಂಟೆ, ಒಂದು ಗಂಟೆಯೇ ಹಾಲಿಬಟ್ ಹೊತ್ತು. ಕ್ಯಾಪ್ಟನ್ ಎಲ್ಲವನ್ನೂ ಅದಕ್ಕೇ ಹೊಂದಿಸಿ ಹೊರಟಿದ್ದರು. ಜಾಗ ಮುಟ್ಟಿದಾಗ ನೀರು ಇನ್ನೂ ಸ್ವಲ್ಪ ಹರಿಯುತ್ತಿತ್ತು.

ಆಳ ಎಷ್ಟು ಅಂತ ಅಪ್ಪಯ್ಯ ಕೇಳಿದರು. ನಾನು ಇಂಗ್ಲಿಷಿನಲ್ಲಿ ಕೇಳಿ ಹೇಳಿದೆ: 50 ಫ್ಯಾದಮ್. ಅದು ಎಷ್ಟು? ಕ್ಯಾಪ್ಟನ್ ಎರಡೂ ಕೈ ಅಗಲಿಸಿ ತೋರಿಸಿದರು. ಇಷ್ಟು, ಆರು ಅಡಿ. ಅಪ್ಪಯ್ಯನ ಮುಖ ಅರಳಿತು. ಅವರೂ ಎರಡು ಕೈ ಅಗಲಿಸಿದರು. "ಮಾರು! ಐವತ್ ಮಾರು!" ನಮ್ಮ ಕಡಲಲ್ಲಿ ಅಳೆಯುವುದೂ ಮಾರಿನಲ್ಲೇ. ಹಗ್ಗ ಎಳೆಯುವಾಗ ಕೈ ಅಗಲಿಸಿ ಒಂದು ಮಾರು, ಎರಡು ಮಾರು ಅಂತ ಎಣಿಸುವುದು. ಆಮೇಲೆ ಅವರಿಬ್ಬರಿಗೆ ನಾನು ನಡುವೆ ಬೇಕಾಗಲೇ ಇಲ್ಲ. ಕ್ಯಾಪ್ಟನ್ ಬೆರಳಲ್ಲಿ ತೋರಿಸುತ್ತಿದ್ದರು, ಅಪ್ಪಯ್ಯ ಮಾರು ಹೇಳುತ್ತಿದ್ದರು.

ಇರೆ ಹೆರಿಂಗ್ ಮೀನು, ಜೊತೆಗೆ ಆಕ್ಟೋಪಸ್ ತುಂಡು. ಆಕ್ಟೋಪಸ್ ಗಟ್ಟಿ, ಸಣ್ಣ ಮೀನು ಕಿತ್ತರೂ ಗಾಳದಲ್ಲೇ ಉಳಿಯುತ್ತದೆ. ಗಾಳ ದುಂಡಗೆ ಒಳಕ್ಕೆ ಬಾಗಿದ್ದು. ಮೀನು ಕಚ್ಚಿದಾಗ ಕೋಲು ಜಗ್ಗಬಾರದು, ಅದೇ ತಿರುಗಿ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳಲಿ ಅಂತ ಬಿಡಬೇಕು. ಸೀಸ ತಳಕ್ಕೆ ಬಡಿದದ್ದು ಕೈಗೆ ಗೊತ್ತಾಗುತ್ತದೆ. ಬಡಿಯಲಿ, ಒಂದು ಮೊಳ ಎತ್ತಿ, ಮತ್ತೆ ಬಡಿಯಲಿ.

ಮೊದಲು ಬಂದವು ಸಣ್ಣ ಶಾರ್ಕುಗಳು, ನಮ್ಮ ತಾಟೆಯಂಥವು. ಬಿಡಿಸಿ ನೀರಿಗೆ ಬಿಟ್ಟೆವು. ಆಮೇಲೆ ನನ್ನ ಗಾಳಕ್ಕೆ ಕಿತ್ತಳೆ ಬಣ್ಣದ, ಹಳದಿ ಕಣ್ಣಿನ ಒಂದು ಮೀನು ಬಂತು. ಯೆಲ್ಲೋಐ ಅನ್ನುತ್ತಾರೆ. ಅದರ ಕಣ್ಣು ಉಬ್ಬಿ ಹೊರಗೆ ಬಂದಿತ್ತು, ಹೊಟ್ಟೆ ಬಾಯಿಗೆ ತಳ್ಳಿತ್ತು. ಆಳದಿಂದ ಮೇಲೆ ಬಂದಾಗ ಒಳಗಿನ ಗಾಳಿಚೀಲ ಊದಿಕೊಂಡು ಹೀಗಾಗುತ್ತದೆ. ಈ ಮೀನು ಇಟ್ಟುಕೊಳ್ಳುವಂತಿಲ್ಲ. ಹಾಗೇ ಬಿಟ್ಟರೆ ಊದಿದ ಹೊಟ್ಟೆಯಿಂದ ಮುಳುಗಲಾರದೆ ತೇಲುತ್ತಾ ಸಾಯುತ್ತದೆ. ಅದಕ್ಕೇ ಒಂದು ಸಾಧನ ಬೋಟಿನಲ್ಲಿ ಇರಲೇಬೇಕು ಅಂತ ಕಾನೂನು. ಹುಡುಗ ಒಂದು ಕ್ಲಿಪ್ಪಿನಲ್ಲಿ ಮೀನಿನ ದವಡೆ ಹಿಡಿಸಿ, ಸೀಸ ಕಟ್ಟಿ ತಳಕ್ಕೆ ಇಳಿಸಿದ. ಅಲ್ಲಿ ಒತ್ತಡಕ್ಕೆ ಗಾಳಿ ಕುಗ್ಗುತ್ತದೆ, ಕ್ಲಿಪ್ ಬಿಡುತ್ತದೆ, ಮೀನು ಈಜಿ ಹೋಗುತ್ತದೆ. ಈ ಜಾತಿ ನೂರು ವರ್ಷ ದಾಟಿ ಬದುಕಬಲ್ಲದು. ಮರಿ ಹಾಕುವ ವಯಸ್ಸಿಗೆ ಬರಲೂ ಬಹಳ ವರ್ಷ ಬೇಕು. ಅಪ್ಪಯ್ಯನಿಗೆ ಇದನ್ನು ಹೇಳಿದೆ. ಖಾಲಿ ಕ್ಲಿಪ್ ಮೇಲೆ ಬರುವವರೆಗೂ ದಾರ ನೋಡುತ್ತಾ ನಿಂತರು.

ನೀರು ನಿಂತಿತು. ದಾರ ನೆಟ್ಟಗಾಯಿತು. ಹತ್ತು ನಿಮಿಷದಲ್ಲಿ ಅಪ್ಪಯ್ಯನ ಕೋಲು ಬಾಗಿತು.

ಕೋಲು, ರೀಲು ಅವರಿಗೆ ಹೊಸದು. ಅವರು ಕೈದಾರದಲ್ಲಿ ಎಳೆದವರು. ಮೊದಲು ಕೋಲು ಬಿಟ್ಟು ದಾರಕ್ಕೇ ಕೈ ಹಾಕಲು ಹೋದರು. ಹುಡುಗ ತಡೆದ, ಕೈ ಕತ್ತರಿಸುತ್ತದೆ ಅಂತ. ಕೋಲು ಎತ್ತುವುದು, ಇಳಿಸುತ್ತಾ ರೀಲು ಸುತ್ತುವುದು, ಮತ್ತೆ ಎತ್ತುವುದು. ಐವತ್ತು ಮಾರು. ಎರಡು ಸಲ ಮೀನು ಮೇಲೆ ಬಂದಂತೆ ಬಂದು ಮತ್ತೆ ತಳಕ್ಕೆ ಇಳಿಯಿತು. ಅಪ್ಪಯ್ಯನ ಕೈ ನಡುಗುತ್ತಿತ್ತು. ನಾನು ಹಿಡಿಯುತ್ತೇನೆ ಅಂದೆ. ಬೇಡ ಅಂದರು. ಇಪ್ಪತ್ತು ನಿಮಿಷದ ಮೇಲೆ ಹಸಿರು ನೀರಿನಲ್ಲಿ ಒಂದು ಕಂದು ಹಲಗೆ ಕಂಡಿತು.

28 ಪೌಂಡ್. ಹನ್ನೆರಡೂವರೆ ಕಿಲೊಗೂ ಸ್ವಲ್ಪ ಜಾಸ್ತಿ. ಇಲ್ಲಿನ ಲೆಕ್ಕಕ್ಕೆ ಅದು ಮಧ್ಯಮ ಮೀನು. ಅಪ್ಪಯ್ಯ ಅದರ ಪಕ್ಕ ಮಂಡಿಯೂರಿ ಕೂತರು. ಕಂದು ಮೈ, ಕೆಳಗಿನ ಬಿಳಿ ಮೈ, ಒಂದೇ ಬದಿಗೆ ಸೇರಿದ ಎರಡು ಕಣ್ಣು, ಎಲ್ಲ ಮುಟ್ಟಿ ನೋಡಿದರು. "ನಂಗಿನ ಅಜ್ಜ" ಅಂದರು.

ನನಗೂ ಒಂದು ಸಿಕ್ಕಿತು, 19 ಪೌಂಡ್. ದಿನಕ್ಕೆ ಒಬ್ಬರಿಗೆ ಒಂದೇ. ಆರು ಜನಕ್ಕೂ ಸಿಗುವ ಮೊದಲೇ ನೀರು ಮತ್ತೆ ಹರಿಯಲು ಶುರುವಾಯಿತು. ಇಬ್ಬರು ಖಾಲಿ ಕೈಯಲ್ಲಿ ಉಳಿದರು. ಕ್ಯಾಪ್ಟನ್ ಗಾಳಿ ನೋಡಿ ವಾಪಸ್ ತಿರುಗಿಸಿದರು. ಇನ್ನೂ ಒಂದು ಗಂಟೆ ಇರೋಣ ಅಂತ ಆ ಇಬ್ಬರು ಕೇಳಿದರು. ಮಧ್ಯಾಹ್ನದ ಪಡುಗಾಳಿ ಏಳುವ ಮೊದಲು ಟಟೂಶ್ ದಾಟಬೇಕು ಅಂದರು ಕ್ಯಾಪ್ಟನ್. ನಾನು ತರ್ಜುಮೆ ಮಾಡಿದೆ. "ಸರಿ ಮನ್ಷ" ಅಂದರು ಅಪ್ಪಯ್ಯ.

ಹಾಲಿಬಟ್ ಸೀಸನ್ ಬಗ್ಗೆ ಒಂದು ಮಾತು. ಅಮೆರಿಕ, ಕೆನಡಾ ಎರಡೂ ಸೇರಿ 1923ರಲ್ಲೇ ಈ ಒಂದು ಮೀನಿಗಾಗಿ ಆಯೋಗ ಮಾಡಿಕೊಂಡಿವೆ. ಪ್ರತಿ ವರ್ಷ ಎಷ್ಟು ಹಿಡಿಯಬಹುದು ಅಂತ ಅದು ಲೆಕ್ಕ ಹಾಕುತ್ತದೆ. ಅದರಲ್ಲಿ ನಮ್ಮಂಥ ಗಾಳದವರ ಪಾಲು ಮುಗಿದರೆ ಬಾಗಿಲು ಮುಚ್ಚುತ್ತದೆ. ವಾಷಿಂಗ್ಟನ್‌ನಲ್ಲಿ ಮುಖ್ಯ ಸೀಸನ್ ವಸಂತದಿಂದ ಜೂನ್ ಕೊನೆಯವರೆಗೆ, ಅದೂ ವಾರದ ಎಲ್ಲ ದಿನ ಅಲ್ಲ. ಪಾಲು ಉಳಿದ ವರ್ಷ ಆಗಸ್ಟ್‌ನಲ್ಲಿ ಮತ್ತೆ ತೆರೆಯುತ್ತಾರೆ. ನಮಗೆ ಸಿಕ್ಕಿದ್ದು ಆ ಉಳಿದ ಪಾಲು. ಹೋಗುವವರು ಹೊರಡುವ ಹಿಂದಿನ ದಿನ ಸಹ ರಾಜ್ಯದ ಮೀನು ಇಲಾಖೆಯ ಪ್ರಕಟಣೆ ನೋಡಬೇಕು, ನಡುವೆಯೇ ನಿಲ್ಲಿಸುವುದು ಉಂಟು.

ನಾಲ್ಕನೇ ದಿನ, ಶನಿವಾರ: ಮಂಜು ಮತ್ತು ಸಾಲ್ಮನ್

ಬೆಳಿಗ್ಗೆ ಏನೂ ಕಾಣಲಿಲ್ಲ. ಬೋಟಿನ ಮೂತಿಯೇ ಕಾಣದಷ್ಟು ಮಂಜು. ಗಾಳಿ ಇಲ್ಲ, ತೆರೆ 4 ಅಡಿ. ಆಗಸ್ಟ್‌ನಲ್ಲಿ ಇಲ್ಲಿ ಇದು ಜಾಸ್ತಿ. ಬೇಸಿಗೆಯ ವಾಯವ್ಯ ಗಾಳಿ ಕರಾವಳಿಯ ಉದ್ದಕ್ಕೂ ಬೀಸಿ ಮೇಲಿನ ನೀರನ್ನು ಆಚೆಗೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ಆಗಸ್ಟ್‌ನಲ್ಲೂ ನೀರು 11-12 ಡಿಗ್ರಿ. ಬೆಚ್ಚಗಿನ ಗಾಳಿ ಅದರ ಮೇಲೆ ಬಂದರೆ ಮಂಜು. ಆದರೆ ಸಾಲ್ಮನ್ ಇಲ್ಲಿರುವುದೇ ಆ ತಣ್ಣೀರಿನಿಂದ. ತಳದ ಗೊಬ್ಬರ ಮೇಲೆ ಬರುತ್ತದೆ, ಪಾಚಿ ಬೆಳೆಯುತ್ತದೆ, ಅದಕ್ಕೆ ಸೀಗಡಿಯಂಥ ಸಣ್ಣ ಜೀವ, ಅದಕ್ಕೆ ಹೆರಿಂಗ್, ಹೆರಿಂಗ್‌ಗೆ ಸಾಲ್ಮನ್. ನಮ್ಮ ಕಡಲಲ್ಲೂ ಮಳೆಗಾಲದಲ್ಲಿ ತಣ್ಣೀರು ಹೀಗೆ ಮೇಲೇಳುತ್ತದೆ. ಬೂತಾಯಿಗೆ ಅದೇ ಊಟ.

ಮಂಜಿನಲ್ಲಿ ಭಯ ತೆರೆಯದ್ದಲ್ಲ, ಹಡಗಿನದ್ದು. ಸಿಯಾಟಲ್‌ಗೆ, ವ್ಯಾಂಕೂವರ್‌ಗೆ ಹೋಗುವ ದೊಡ್ಡ ಹಡಗುಗಳು ಈ ಬಾಯಲ್ಲೇ ಒಳಗೆ ಬರುತ್ತವೆ. ಕ್ಯಾಪ್ಟನ್ ರಾಡಾರ್‌ನಿಂದ ಕಣ್ಣು ತೆಗೆಯಲಿಲ್ಲ. ಎಲ್ಲೋ ಒಂದು ಹಡಗಿನ ಕೊಂಬು ಊದಿತು. ಅಪ್ಪಯ್ಯ ಕಿವಿಗೊಟ್ಟು ಯಾವ ದಿಕ್ಕು ಅಂತ ಕೈ ತೋರಿಸಿದರು. ರಾಡಾರ್‌ನಲ್ಲೂ ಅದೇ ದಿಕ್ಕಿನಲ್ಲಿ ಚುಕ್ಕೆ ಇತ್ತು.

ಟಟೂಶ್ ದೀಪಸ್ತಂಭದಿಂದ ಕೆನಡಾ ಕಡೆಯ ಬೊನಿಲಾ ತುದಿಗೆ ಕಾನೂನಿನಲ್ಲಿ ಒಂದು ರೇಖೆ ಎಳೆದಿದ್ದಾರೆ. ನಾವು ಹೋದ ಹೊತ್ತಿನಲ್ಲಿ ಆ ರೇಖೆಯ ಪೂರ್ವಕ್ಕೆ ಕಿಂಗ್ ಸಾಲ್ಮನ್ ಇಟ್ಟುಕೊಳ್ಳುವ ಹಾಗಿರಲಿಲ್ಲ. ಪ್ಯೂಜೆಟ್ ಸೌಂಡ್ ಹೊಳೆಗಳ ಕಿಂಗ್‌ಗಳನ್ನು 1999ರಲ್ಲಿ ಅಪಾಯದಲ್ಲಿರುವ ಮೀನು ಅಂತ ಪಟ್ಟಿಗೆ ಸೇರಿಸಿದ್ದಾರೆ. ಮನೆಗೆ ಹೋಗುವ ಆ ಮೀನುಗಳು ಈ ಬಾಯಲ್ಲೇ ನುಗ್ಗಬೇಕು. ಇಲ್ಲಿನ ಓರ್ಕಾ ತಿಮಿಂಗಿಲಗಳ ಮುಖ್ಯ ಊಟವೂ ಕಿಂಗೇ. ನಾವು ರೇಖೆಯ ಪಶ್ಚಿಮಕ್ಕೆ ಹೋದೆವು.

ಸಾಲ್ಮನ್‌ಗೆ ತಳ ಬೇಡ, ನೀರಿನ ನಡು ಬೇಕು. ಬೋಟು ನಿಧಾನ ಓಡುತ್ತಿರುತ್ತದೆ. ಒಂದು ಭಾರದ ಗುಂಡು ತಂತಿಯಲ್ಲಿ ಇಳಿದು ದಾರವನ್ನು ಬೇಕಾದ ಆಳಕ್ಕೆ ಒಯ್ಯುತ್ತದೆ. ಅದರ ಹಿಂದೆ ಹೊಳೆಯುವ ತಗಡು, ಅದರ ಹಿಂದೆ ಹೆರಿಂಗ್ ಕಟ್ಟಿದ ಗಾಳ. ಗಾಳಕ್ಕೆ ಹಿಮ್ಮುಳ್ಳು ಇರಬಾರದು. ಬಿಡಬೇಕಾದ ಮೀನು ಗಾಯವಿಲ್ಲದೆ ಹೋಗಲಿ ಅಂತ. ಎಲ್ಲಿ ಹಾಕಬೇಕು? ಇದನ್ನು ಹಕ್ಕಿಗಳು ಹೇಳುತ್ತವೆ. ಮಂಜು ಸ್ವಲ್ಪ ಹರಿದಾಗ ಎರಡು ಪ್ರವಾಹ ಕೂಡುವ ಕಡೆ ನೀರಿನ ಮೇಲೆ ನೊರೆಯ ಗೆರೆ ಕಂಡಿತು. ಅದರ ಅಂಚಿಗೆ ಹಕ್ಕಿಗಳು ಮುಳುಗಿ ಬಾಯಲ್ಲಿ ಸಣ್ಣ ಮೀನು ಹಿಡಿದು ಏಳುತ್ತಿದ್ದವು. ಕ್ಯಾಪ್ಟನ್ ಬೋಟು ತಿರುಗಿಸುವುದಕ್ಕೂ ಅಪ್ಪಯ್ಯ "ಅಲ್ಲಿ" ಅನ್ನುವುದಕ್ಕೂ ಸರಿಹೋಯಿತು.

ಕೋಹೋ ಬಂದವು, ಒಂದರ ಮೇಲೊಂದು. ನೀರಿಂದ ಎಗರುವ ಮೀನು. ಹಾಲಿಬಟ್ ಭಾರ ಎಳೆಯುತ್ತದೆ, ಇದು ಓಡುತ್ತದೆ. ನನ್ನ ಮೊದಲನೆಯದನ್ನು ಬೋಟಿನ ಬದಿಗೆ ತಂದಾಗ ಹುಡುಗ ಬಗ್ಗಿ ಬೆನ್ನು ನೋಡಿದ. ಸಾಲ್ಮನ್‌ಗೆ ಬಾಲದ ಹತ್ತಿರ ಬೆನ್ನಿನ ಮೇಲೆ ಒಂದು ಪುಟ್ಟ ಮೆತ್ತನೆ ರೆಕ್ಕೆ ಇರುತ್ತದೆ. ಮರಿಕೇಂದ್ರದಲ್ಲಿ ಸಾಕಿ ಬಿಟ್ಟ ಮರಿಗಳಿಗೆ ಅದನ್ನು ಕತ್ತರಿಸಿರುತ್ತಾರೆ. ಕೋಹೋಗೆ ಕತ್ತರಿಸಿದ ಗುರುತಿದ್ದರೆ ಇಟ್ಟುಕೊಳ್ಳಬಹುದು. ರೆಕ್ಕೆ ಇದ್ದರೆ ಅದು ಹೊಳೆಯಲ್ಲಿ ತಾನೇ ಹುಟ್ಟಿದ ಕಾಡುಮೀನು, ಬಿಡಬೇಕು. ಬೋಟಿನ ಒಳಗೆ ತರುವಂತೆಯೂ ಇಲ್ಲ, ನೀರಿನಲ್ಲೇ ಬಿಡಿಸಬೇಕು. ನನ್ನದಕ್ಕೆ ರೆಕ್ಕೆ ಇತ್ತು. ಬಿಟ್ಟೆವು. ಎರಡನೆಯದಕ್ಕೂ ಇತ್ತು. ಮೂರನೆಯದಕ್ಕೆ ಇರಲಿಲ್ಲ.

ಅಪ್ಪಯ್ಯನಿಗೆ ಒಂದು ಕಿಂಗ್ ಬಂತು, 14 ಪೌಂಡ್. ಕಿಂಗೋ ಕೋಹೋನೋ ಅಂತ ಗುರುತಿಸುವುದನ್ನು ಹುಡುಗ ಅವರಿಗೆ ತೋರಿಸಿಕೊಟ್ಟ. ಬಾಯಿ ತೆರೆದು ನೋಡಿದರೆ ಕಿಂಗ್‌ನ ಹಲ್ಲಿನ ಬುಡದ ಒಸಡು ಕಪ್ಪು, ಕೋಹೋದ್ದು ಬಿಳಿ. ಕಿಂಗ್‌ನ ಬಾಲದ ಮೇಲೆ ಕೆಳಗೆ ಎರಡೂ ಕಡೆ ಚುಕ್ಕೆ, ಕೋಹೋಗೆ ಮೇಲೆ ಮಾತ್ರ. ಅಪ್ಪಯ್ಯ ಒಮ್ಮೆ ನೋಡಿದ್ದನ್ನು ಮರೆಯುವವರಲ್ಲ. ಮುಂದಿನ ಮೀನುಗಳಿಗೆ ಹುಡುಗನಿಗಿಂತ ಮೊದಲು ಅವರೇ ಹೇಳಿದರು.

ದಡದಲ್ಲಿ ಮೀನು ಇಲಾಖೆಯ ಹುಡುಗಿಯೊಬ್ಬಳು ಕಾಯುತ್ತಿದ್ದಳು. ಪ್ರತಿ ಬೋಟಿನವರನ್ನೂ ಕೇಳುತ್ತಾಳೆ: ಎಷ್ಟು ಜನ, ಏನು ಸಿಕ್ಕಿತು, ಏನು ಬಿಟ್ಟಿರಿ. ಆಮೇಲೆ ಸಾಲ್ಮನ್ ಮೂಗಿನ ಮೇಲೆ ಒಂದು ಕೋಲಿನಂಥ ಯಂತ್ರ ಆಡಿಸಿದಳು. ಒಂದು ಕೋಹೋಗೆ ಅದು ಬೀಪ್ ಅಂದಿತು. ಮರಿಯಿದ್ದಾಗ ಮೂಗಿನೊಳಗೆ ಮಿಲಿಮೀಟರ್ ಉದ್ದದ ತಂತಿ ಇಟ್ಟಿರುತ್ತಾರೆ. ಅದರ ಮೇಲಿನ ಗುರುತು ಓದಿದರೆ ಯಾವ ಮರಿಕೇಂದ್ರದಲ್ಲಿ, ಯಾವ ವರ್ಷ ಹುಟ್ಟಿದ್ದು ಅಂತ ಗೊತ್ತಾಗುತ್ತದೆ. ಅವಳು ಮೂಗಿನ ತುಂಡು ಕತ್ತರಿಸಿ ಚೀಲದಲ್ಲಿ ಹಾಕಿಕೊಂಡಳು. ಅಪ್ಪಯ್ಯ ನನ್ನ ಮೂಲಕ ಅವಳಿಗೆ ಹೇಳಿಸಿದ್ದು ಇಷ್ಟು: ನಾವು ಬಿಟ್ಟದ್ದು ಏಳು, ಒಂದನ್ನೂ ಮರೆಯದೆ ಬರೆದುಕೋ.

ಐದನೇ ದಿನ, ಭಾನುವಾರ: ಮನೆ

ಐಸ್ ಪೆಟ್ಟಿಗೆ ತುಂಬಿಕೊಂಡು ಬಂದ ದಾರಿಯಲ್ಲೇ ವಾಪಸ್. ಮನೆಯಲ್ಲಿ ಅಡುಗೆ ಅಪ್ಪಯ್ಯನದ್ದೇ. ಹಾಲಿಬಟ್‌ಗೆ ಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆ ಅರೆದು ಸಾರು. ಅದರಲ್ಲಿ ಎಣ್ಣೆ ಕಡಿಮೆ, ಜಾಸ್ತಿ ಕುದಿಸಿದರೆ ಒಣಗಿ ನಾರಾಗುತ್ತದೆ. ಅವರು ಸಾರು ಕುದಿಸಿ, ಒಲೆ ಆರಿಸುವ ನಾಲ್ಕು ನಿಮಿಷ ಮೊದಲು ಮೀನು ಹಾಕಿದರು. ಸಾಲ್ಮನ್ ತನ್ನ ಎಣ್ಣೆಯಲ್ಲೇ ಬೇಯುತ್ತದೆ. ಕೆಂಪು ಮಸಾಲೆ ಹಚ್ಚಿ ಬರೀ ಕಾವಲಿ ಮೇಲೆ ಇಟ್ಟರೆ ಸಾಕಾಯಿತು. ಊರಲ್ಲಿ ರಾವಸವನ್ನು ಕೆಲವರು ಇಂಡಿಯನ್ ಸಾಲ್ಮನ್ ಅನ್ನುತ್ತಾರೆ, ಎರಡಕ್ಕೂ ಸಂಬಂಧವೇ ಇಲ್ಲ ಅಂತ ಅಪ್ಪಯ್ಯ ಎಲ್ಲರಿಗೂ ಹೇಳಿದರು.

ರಾತ್ರಿ ಗಂಗೊಳ್ಳಿಗೆ ಫೋನ್ ಮಾಡಿದರು. ಅಲ್ಲಿ ಜೂನ್, ಜುಲೈನ 61 ದಿನದ ರಜೆ ಮುಗಿದು ಬೋಟುಗಳು ಕಡಲಿಗೆ ಇಳಿದಿದ್ದವು. ಅಣ್ಣನ ಹತ್ತಿರ ಅಳಿವೆ ಹೇಗಿದೆ ಅಂತ ಕೇಳಿದರು. ಆಮೇಲೆ ಬಹಳ ಹೊತ್ತು ಕ್ಲಿಪ್ ಕಟ್ಟಿ ತಳಕ್ಕೆ ಇಳಿಸಿದ ಹಳದಿ ಕಣ್ಣಿನ ಮೀನಿನ ಕತೆ ಹೇಳಿದರು. ತಾವು ಹಿಡಿದ ಮೀನಿನ ತೂಕ ಹೇಳುವುದು ಕೊನೆಗೆ ನೆನಪಾಯಿತು.

ಅಕ್ಟೋಬರ್‌ನಲ್ಲಿ ಊರಿಗೆ ಹೊರಡುವಾಗ ತಮ್ಮ ಡೈರಿಯ ಮೊದಲ ಪುಟದಲ್ಲಿ 46087 ಅಂತ ಬರೆದುಕೊಂಡರು. ಮೊಮ್ಮಗ ಅವರ ಫೋನಿನಲ್ಲಿ ಆ ಬೋಯಾದ ಪುಟ ಇಟ್ಟುಕೊಟ್ಟ. ಮೊನ್ನೆ ನಡುರಾತ್ರಿ ನನಗೆ ಫೋನ್ ಬಂತು.

"ಹನ್ನೊಂದ್ ಅಡಿ, ಒಂಬತ್ ಸೆಕೆಂಡ್. ನಾಳೆ ಅಲ್ಲಿಗ್ ಹೋಪುದ್ ಬ್ಯಾಡ, ಮಗಾ."

ನಾನು ಎಲ್ಲೂ ಹೊರಟಿರಲಿಲ್ಲ. ಆಯ್ತು ಅಪ್ಪಯ್ಯ, ಹೋಗುವುದಿಲ್ಲ ಅಂದೆ.